ಮೆಹಂದಿಯ ಕೈ ಮೌಸ್ ಹಿಡಿದಾಗ

ತರೀಕೆರೆಯ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಬಿ.ಕಾಂ. ಮುಗಿಸಿ ಮನೆಯಲ್ಲಿರುವ ಅವರ ಮಗಳು ಅಣ್ಣನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡಿಸೈನ್ ಕಲಿಯುತ್ತಿದ್ದಳು. ಸಂಬಂಧಿಕರ ನಿಕಾಹ್ ಕಾರ್ಡಿಗೆಂದು ನಾಲ್ಕು ದಿನ ಕೂತು ಎಲೆಬಳ್ಳಿಯ ಅಂಚೊಂದನ್ನು ಬಿಡಿಸಿದಳು. ಪ್ರೆಸ್ಸಿನವರು ನೋಡಿ, "ಪ್ಲಾಸ್ಟಿಕ್ ಬಳ್ಳಿ ಥರ ಇದೆಯಲ್ಲಮ್ಮಾ" ಎಂದರು. ಇಂಟರ್ನೆಟ್‌ನಿಂದ ಇಳಿಸಿಕೊಂಡ ಬೇರೊಂದು ಅಂಚನ್ನು ಹಾಕಿ ಕಾರ್ಡು ಮುದ್ರಿಸಿದರು. ಅಂದಿನಿಂದ ಲ್ಯಾಪ್‌ಟಾಪ್ ಮುಚ್ಚಿದ್ದು ಮತ್ತೆ ತೆರೆದಿಲ್ಲ. "ಅವಳಿಗೆ ಕೈ ಇಲ್ಲ ಅಂತ ಕಾಣುತ್ತದೆ, ಟೈಲರಿಂಗ್‌ಗಾದರೂ ಹಾಕಲೇ?" ಎಂದು ತಾಯಿ ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ಒಂದು ಸಾಲು ಸುಮ್ಮನೆ ಬಂದು ಹೋಗಿದೆ. ಈ ತಾಯಿ ಇಪ್ಪತ್ತು ವರ್ಷಗಳಿಂದ ಊರಿನ ಮದುವೆ ಮನೆಗಳಲ್ಲಿ ಮೆಹಂದಿ ಹಾಕುವವರು!

ಸಹೋದರಿ, ಟೈಲರಿಂಗ್ ಒಳ್ಳೆಯ ಕೆಲಸವೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ "ಕೈ ಇಲ್ಲ" ಎಂಬ ತೀರ್ಪನ್ನು ಸ್ವಲ್ಪ ತಡೆಹಿಡಿಯಿರಿ. ನಿಮ್ಮ ಮಗಳ ಬಳ್ಳಿ ಪ್ಲಾಸ್ಟಿಕ್ಕಿನಂತೆ ಕಂಡದ್ದಕ್ಕೆ ಕಾರಣಗಳಿವೆ, ಅವನ್ನು ಸರಿಪಡಿಸಬಹುದು. ಅದಕ್ಕೆ ಬೇಕಾದ ತಿಳಿವಳಿಕೆಯ ಅರ್ಧ ಭಾಗ ನಿಮ್ಮ ಅಡುಗೆಮನೆಯಲ್ಲಿ, ನಿಮ್ಮ ಮೆಹಂದಿ ಕೋನ್‌ನಲ್ಲಿ ಇದೆ. ಇದೇ ತೊಂದರೆ ಕಡೂರು, ಅಜ್ಜಂಪುರದ ಎಷ್ಟೋ ಹೆಣ್ಣುಮಕ್ಕಳದ್ದೂ ಆಗಿರಬಹುದು. ಹಾಗಾಗಿ ಈ ಸಲದ ಅಂಕಣವನ್ನು ಇದಕ್ಕೇ ಮೀಸಲಿಡುತ್ತಿದ್ದೇನೆ.

ಮೊದಲು ಸಂಗತಿ ಏನೆಂದು ನೋಡೋಣ. ಕಂಪ್ಯೂಟರಿನಲ್ಲಿ ಚಿತ್ರಗಳು ಎರಡು ಬಗೆ. ಮೊಬೈಲಿನಲ್ಲಿ ತೆಗೆದ ಫೋಟೋ ಎಂದರೆ ಸಣ್ಣ ಸಣ್ಣ ಬಣ್ಣದ ಚೌಕಗಳ ರಾಶಿ. ದೊಡ್ಡದು ಮಾಡುತ್ತಾ ಹೋದರೆ ಚೌಕಗಳು ಎದ್ದು ಕಾಣುತ್ತವೆ, ಅಂಚು ಒಡೆಯುತ್ತದೆ. ವೆಕ್ಟರ್ ಚಿತ್ರದಲ್ಲಿ ಚೌಕಗಳಿಲ್ಲ. ಗೆರೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾವ ಕಡೆಗೆ ಬಾಗುತ್ತದೆ ಎಂಬ ಲೆಕ್ಕ ಮಾತ್ರ ಇರುತ್ತದೆ. ಹಾಗಾಗಿ ಒಂದೇ ಬಳ್ಳಿಯನ್ನು ಕಾರ್ಡಿನ ಮೂಲೆಗೂ ಹಾಕಬಹುದು, ಶಾದಿ ಮಹಲ್‌ನ ಹತ್ತಡಿ ಬ್ಯಾನರಿಗೂ ಹಾಕಬಹುದು. ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ಇದಕ್ಕೆ ಬಳಸುವುದು ಹೆಚ್ಚಾಗಿ ಕೋರಲ್ ಡ್ರಾ. ಮನೆಯಲ್ಲಿ ಕಲಿಯುವವರಿಗೆ ಇಂಕ್‌ಸ್ಕೇಪ್ ಸಾಕು. 2003ರಿಂದ ಇರುವ ಈ ತಂತ್ರಾಂಶ ಪೂರ್ತಿ ಉಚಿತ, ಯಾರ ಹಕ್ಕನ್ನೂ ಕದಿಯದೆ ಬಳಸಬಹುದು. ಪಕ್ಕದ ಅಂಗಡಿಯಿಂದ ಪೆನ್ ಡ್ರೈವ್‌ನಲ್ಲಿ ಬಂದ "ಫ್ರೀ" ಕೋರಲ್ ಡ್ರಾ ಫ್ರೀ ಅಲ್ಲ ಎಂದು ನಾನು ಬಿಡಿಸಿ ಹೇಳಬೇಕಿಲ್ಲ ತಾನೇ?

ಈ ತಂತ್ರಾಂಶಗಳಲ್ಲಿ ಗೆರೆ ಎಳೆಯುವುದಕ್ಕೆ ಬಿಂದುಗಳನ್ನು ಇಡುತ್ತೇವೆ. ಅದಕ್ಕೆ ನೋಡ್ ಎನ್ನುತ್ತಾರೆ. ಕಬ್ಬಿನ ಗೆಣ್ಣು ಎಂದುಕೊಳ್ಳಿ. ಗೆಣ್ಣಿನಿಂದ ಗೆಣ್ಣಿಗೆ ಗೆರೆ ಹರಿಯುತ್ತದೆ. ಪ್ರತಿ ನೋಡ್‌ನಿಂದ ಕಡ್ಡಿಯಂಥ ಹಿಡಿಗಳು ಹೊರಡುತ್ತವೆ, ಅವು ಹ್ಯಾಂಡಲ್. ಹಿಡಿ ಯಾವ ದಿಕ್ಕಿಗೆ ಇದೆಯೋ ಗೆರೆ ಆ ದಿಕ್ಕಿಗೆ ಹೊರಡುತ್ತದೆ. ಹಿಡಿ ಉದ್ದವಾದಷ್ಟೂ ಗೆರೆ ಆ ದಿಕ್ಕನ್ನು ಹೆಚ್ಚು ದೂರ ಬಿಡುವುದಿಲ್ಲ. ಇಡೀ ವಿದ್ಯೆ ಇಷ್ಟರಲ್ಲೇ ಇದೆ.

ಇದರ ಹುಟ್ಟು ಎಲ್ಲಿ ಗೊತ್ತೇ? ಕಾರು ಮಾಡುವ ಕಾರ್ಖಾನೆಯಲ್ಲಿ! ಕಾರಿನ ಮೈಯ ಬಾಗನ್ನು ನಕ್ಷೆಕಾರ ಕೈಯಲ್ಲಿ ಬಿಡಿಸುತ್ತಿದ್ದ. ಅಚ್ಚು ಮಾಡುವವನು ಅದನ್ನು ತನ್ನ ಕಣ್ಣಂದಾಜಿನಲ್ಲಿ ಓದುತ್ತಿದ್ದ. ಇಬ್ಬರ ನಡುವೆ ಬಾಗು ಬದಲಾಗಿಬಿಡುತ್ತಿತ್ತು. ಬಾಗನ್ನೇ ಲೆಕ್ಕವಾಗಿ ಬರೆದಿಟ್ಟರೆ ಈ ಗೊಂದಲವಿಲ್ಲ ಎಂದು ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್‌ಜೋ 1959ರಲ್ಲಿ ದಾರಿ ಕಂಡುಹಿಡಿದರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೋ ಕಂಪನಿಯ ಪಿಯರ್ ಬೆಜಿಯೆ ತಾವೇ ಅದೇ ದಾರಿಗೆ ಬಂದು, ಬರೆದು ಪ್ರಕಟಿಸಿದರು. ಹೆಸರು ಅವರಿಗೇ ಉಳಿಯಿತು. ಇಂದು ನಿಮ್ಮ ಮಗಳು ಒತ್ತುವ ಪೆನ್ ಟೂಲ್‌ಗೆ ಅವರದೇ ಹೆಸರಿದೆ. ಕೈಯಲ್ಲಿ ಬರೆದ ಬಾಗು ಕೆಡಬಾರದು ಎಂಬುದಕ್ಕಾಗಿಯೇ ಹುಟ್ಟಿದ ವಿದ್ಯೆ ಇದು ಎಂಬುದನ್ನು ಗಮನಿಸಿ.

ಹಾಗಾದರೆ ಬಳ್ಳಿ ಪ್ಲಾಸ್ಟಿಕ್ ಆದದ್ದೇಕೆ?

ಕಲಿಯುವವರು ಸಾಮಾನ್ಯವಾಗಿ ಬಾಗು ತಪ್ಪಿಹೋದೀತೆಂಬ ಭಯಕ್ಕೆ ಹೆಜ್ಜೆಗೊಂದು ನೋಡ್ ಇಡುತ್ತಾರೆ. ಒಂದು ಎಲೆಗೆ ಇಪ್ಪತ್ತು, ಇಪ್ಪತ್ತೈದು. ಪ್ರತಿ ನೋಡ್‌ನಲ್ಲೂ ಗೆರೆ ಸ್ವಲ್ಪ ತಡವರಿಸುತ್ತದೆ. ದೂರದಿಂದ ನೋಡಿದರೆ ಯಾವುದೂ ತಪ್ಪಿಲ್ಲ, ಆದರೂ ಎಲೆಯ ಅಂಚು ತಗಡು ಬಗ್ಗಿಸಿದ ಹಾಗೆ ಕಾಣುತ್ತದೆ. ಸ್ಟಿಕರ್ ಕಟ್ಟಿಂಗ್ ಯಂತ್ರಕ್ಕೆ ಇಂಥ ಡಿಸೈನ್ ಕೊಟ್ಟರೆ ಬ್ಲೇಡು ಪ್ರತಿ ನೋಡ್‌ನಲ್ಲೂ ಮುಗ್ಗರಿಸುತ್ತಾ ಹೋಗುತ್ತದೆ. ಎಲೆಯೊಂದಕ್ಕೆ ನಿಜವಾಗಿ ಬೇಕಾದದ್ದು ಎಷ್ಟು? ಬುಡದಲ್ಲಿ ಒಂದು, ತುದಿಯಲ್ಲಿ ಒಂದು, ಎರಡೂ ಪಕ್ಕಗಳ ಉಬ್ಬಿನಲ್ಲಿ ಒಂದೊಂದು. ನಾಲ್ಕು. ಕಂಪ್ಯೂಟರ್ ಪೂರ್ತಿ ಗೋಲವನ್ನೇ ನಾಲ್ಕು ನೋಡ್‌ಗಳಲ್ಲಿ ಬಿಡಿಸುತ್ತದೆ. ಪ್ರತಿ ಹಿಡಿಯ ಉದ್ದ ತ್ರಿಜ್ಯದ ನೂರರಲ್ಲಿ 55 ಭಾಗದಷ್ಟಿದ್ದರೆ ಗೋಲ ಕಣ್ಣಿಗೆ ಎಲ್ಲೂ ಕೊಂಕು ಕಾಣದಷ್ಟು ಸರಿಯಾಗಿರುತ್ತದೆ. ಗೋಲಕ್ಕೇ ನಾಲ್ಕು ಸಾಕಾದರೆ ಎಲೆಗೆ ಇಪ್ಪತ್ತೈದೇಕೆ?

ಮದ್ರಸದಲ್ಲಿ ತಖ್ತಿಯ ಮೇಲೆ ಕಲಮ್‌ನಿಂದ ಬರೆದು ಕಲಿತವರಿಗೆ ಇದು ಬೇಗ ತಿಳಿಯುತ್ತದೆ. ಉಸ್ತಾದರು ಅಲಿಫ್ ಬರೆಯಿಸುವಾಗ ನಡುವೆ ಕಲಮ್ ಎತ್ತಲು ಬಿಡುವುದಿಲ್ಲ. ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ಮೊದಲೇ ನೋಡಿಕೊಂಡು ಒಂದೇ ಎಳೆತಕ್ಕೆ ಬರೆಯಬೇಕು. ಹತ್ತನೇ ಶತಮಾನದಲ್ಲಿ ಬಗ್ದಾದಿನ ವಜೀರರಾಗಿದ್ದ ಇಬ್ನ್ ಮುಕ್ಲಾ (ಮರಣ 940) ಅಕ್ಷರಗಳ ಅಳತೆಗೆ ನಿಯಮ ಹಾಕಿದಾಗ ಕಲಮ್ ಒತ್ತಿದರೆ ಮೂಡುವ ಚುಕ್ಕೆಯನ್ನೇ, ಅಂದರೆ ನುಕ್ತೆಯನ್ನೇ ಅಳತೆಗೋಲು ಮಾಡಿಕೊಂಡರು. ಅಲಿಫ್ ಇಷ್ಟು ನುಕ್ತೆ ಎತ್ತರ, ಉಳಿದ ಅಕ್ಷರಗಳು ಅದರ ಲೆಕ್ಕಕ್ಕೆ. ಅಳತೆ ಇಷ್ಟು ಕಟ್ಟುನಿಟ್ಟಾಗಿದ್ದರೂ ಒಳ್ಳೆಯ ಖತ್ತಾತರ ಅಲಿಫ್ ಸ್ಕೇಲಿಟ್ಟು ಎಳೆದ ಗೆರೆಯಲ್ಲ. ಹತ್ತಿರದಿಂದ ನೋಡಿ, ಅದಕ್ಕೆ ನಿಂತ ಮನುಷ್ಯನ ಬೆನ್ನಿನಂಥ ಒಂದು ಸಣ್ಣ ಬಾಗು ಇದೆ. ನೂನ್‌ನ ಬಟ್ಟಲು ತೆಳ್ಳಗೆ ಇಳಿದು, ತಳದಲ್ಲಿ ದಪ್ಪವಾಗಿ, ಏರುವಾಗ ಮತ್ತೆ ತೆಳ್ಳಗಾಗುತ್ತದೆ.

"ಅದು ಕೈಬರಹ, ಯಂತ್ರದಲ್ಲಿ ಸಾಧ್ಯವೇ?" ಎನ್ನಬೇಡಿ. ನಮ್ಮ ಉರ್ದು ನಿಕಾಹ್ ಕಾರ್ಡುಗಳಲ್ಲಿ ಕಾಣುವ ನೂರಿ ನಸ್ತಲೀಕ್ ಅಕ್ಷರ ಕಂಪ್ಯೂಟರಿನದೇ. 1981ರಲ್ಲಿ ಬಳಕೆಗೆ ಬಂದ ಆ ಅಕ್ಷರಕ್ಕಾಗಿ ಮಿರ್ಜಾ ಅಹ್ಮದ್ ಜಮೀಲ್ ಅವರು ಸುಮಾರು ಇಪ್ಪತ್ತು ಸಾವಿರ ಅಕ್ಷರಜೋಡಣೆಗಳನ್ನು ಕೈಯಲ್ಲೇ ಬರೆದುಕೊಟ್ಟರು. ಯಂತ್ರ ಅವರ ಕೈಯನ್ನು ಹೊತ್ತುಕೊಂಡು ಬಂತು, ಅಷ್ಟೇ.

ಈಗ ಕಣ್ಣಿನ ಅಭ್ಯಾಸಕ್ಕೆ ಬರೋಣ. ಸಹಜವಾದ ಗೆರೆ ಎಳೆಯಬೇಕಾದರೆ ಸಹಜವಾದ ಗೆರೆ ಹೇಗಿರುತ್ತದೆಂದು ಮೊದಲು ತಿಳಿದಿರಬೇಕು. ಕಡೂರಿನಿಂದ ಬೀರೂರು ದಾಟಿ ಅಜ್ಜಂಪುರದ ಕಡೆಗೆ ರೈಲಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ತೆಂಗಿನ ತೋಟಗಳನ್ನು ನೋಡುತ್ತೀರಲ್ಲ, ಒಂದು ಗರಿಯನ್ನು ಗಮನವಿಟ್ಟು ನೋಡಿ. ಬುಡದಲ್ಲಿ ಗಟ್ಟಿ, ಹಾಗಾಗಿ ಬಹಳ ದೂರ ಹೆಚ್ಚುಕಡಿಮೆ ನೇರ. ತುದಿಗೆ ಹೋದಂತೆ ತೆಳ್ಳಗಾಗಿ, ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲ. ಕಂಪ್ಯೂಟರಿನಲ್ಲಿ ಇದಕ್ಕೆ ಎರಡೇ ನೋಡ್ ಬೇಕು. ಬುಡದ ಹಿಡಿ ಉದ್ದ, ತುದಿಯ ಹಿಡಿ ಗಿಡ್ಡ. ಮಾಡಿ ನೋಡಿ, ಗರಿ ತಾನಾಗಿ ತೂಗುತ್ತದೆ. ಎರಡೂ ಹಿಡಿಗಳನ್ನು ಒಂದೇ ಉದ್ದ ಇಟ್ಟರೆ ಅದು ಬಕೆಟ್ಟಿನ ಹಿಡಿಕೆ ಆಗುತ್ತದೆ.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವಿದೆ. ಟಿಪ್ಪು ಸುಲ್ತಾನರು 'ಅಮೃತಮಹಲ್' ಎಂದು ಹೆಸರಿಟ್ಟ, ಮೈಸೂರು ಸೈನ್ಯದ ಬಂಡಿಗಳನ್ನು ಎಳೆದ ತಳಿ ಅದು. ಆ ದನಗಳ ಕೊಂಬು ಬುಡದಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ ಮೇಲೆದ್ದು, ಸೂಜಿಯಂತೆ ಚೂಪಾಗಿ ಮುಗಿಯುತ್ತದೆ. ಬಾಗುವ ಗೆರೆ ಹೇಗೆ ಸಣ್ಣದಾಗುತ್ತಾ ಹೋಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. (ಜೀವಿಗಳ ಚಿತ್ರದ ಮಸ್‌ಅಲಾವನ್ನು ಇಲ್ಲಿ ಎತ್ತುವುದಿಲ್ಲ. ನಮಗೆ ಬೇಕಾದದ್ದು ಕೊಂಬಿನ ಬಾಗು ಮಾತ್ರ, ಅದನ್ನೇ ಬಳ್ಳಿಯ ಕುಡಿಗೆ ಹಾಕಿಕೊಳ್ಳಿ.)

ಅಷ್ಟು ದೂರ ಹೋಗಲಾಗದವರು ಒಂದು ಈರುಳ್ಳಿ ತೆಗೆದುಕೊಳ್ಳಿ. ನೆತ್ತಿಯಿಂದ ಬೇರಿನವರೆಗೆ ಸರಿಯಾಗಿ ಎರಡು ಹೋಳು ಮಾಡಿ. ಪದರಗಳ ಗೆರೆಗಳೆಲ್ಲ ಬೇರಿನ ಹತ್ತಿರ ಒಂದು ಗಂಟಾಗಿ ಸೇರಿವೆ, ಹೊಟ್ಟೆಯಲ್ಲಿ ಬಿಡಿಸಿಕೊಂಡಿವೆ, ನೆತ್ತಿಯಲ್ಲಿ ಮತ್ತೆ ಕೂಡಿವೆ. ಒಂದು ಗೆರೆಗೂ ಇನ್ನೊಂದಕ್ಕೂ ನಡುವಿನ ಅಂತರವನ್ನು ಬೆರಳಿಟ್ಟು ನೋಡಿ, ಎಲ್ಲೂ ಸಮ ಇಲ್ಲ. ಹೊರಗಿನ ಪದರ ತೆಳ್ಳಗೆ, ಒಳಗಿನದು ದಪ್ಪ, ಎಲ್ಲೋ ಒಂದು ಕಡೆ ಎರಡು ಮೊಳಕೆ ಸೇರಿ ಗೆರೆ ಪಕ್ಕಕ್ಕೆ ಸರಿದಿರುತ್ತದೆ. ಮೇಜಿನ ಮೇಲಿಟ್ಟು ಪೆನ್ಸಿಲ್‌ನಿಂದ ಕಾಗದದಲ್ಲಿ ಬರೆಯಿರಿ, ಒಂದು ಪದರಕ್ಕೆ ಒಂದೇ ಎಳೆತ. ಕಣ್ಣೀರು ಬಂದರೆ ಅದು ಕಲೆಯದಲ್ಲ, ಈರುಳ್ಳಿಯದು! ಆಮೇಲೆ ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ, ಫೋಟೋವನ್ನು ಮಸುಕು ಮಾಡಿ ಕೆಳಗಿನ ಲೇಯರ್‌ನಲ್ಲಿ ಬೀಗ ಹಾಕಿಡಿ. ಮೇಲಿನಿಂದ ಪೆನ್ ಟೂಲ್ ಹಿಡಿದು ಬಿಡಿಸಿ. ಪದರದ ಒಂದೊಂದು ಪಕ್ಕಕ್ಕೆ ಮೂರು ನೋಡ್‌ಗಿಂತ ಹೆಚ್ಚು ಬೇಡ: ಬೇರಿನಲ್ಲಿ, ಹೊಟ್ಟೆಯ ಅತಿ ಹೊರ ಅಂಚಿನಲ್ಲಿ, ನೆತ್ತಿಯಲ್ಲಿ. ಹೊಟ್ಟೆಯ ನೋಡ್‌ನ ಎರಡು ಹಿಡಿಗಳೂ ನೆಟ್ಟಗೆ ಮೇಲೆ ಕೆಳಗೆ ನಿಲ್ಲಲಿ. ಮುಗಿದ ಮೇಲೆ ಫೋಟೋವನ್ನು ಮರೆಮಾಡಿ. ಇನ್ನು ಫೋಟೋಗೆ ಹೊಂದುತ್ತದೆಯೇ ಎಂದು ನೋಡಬಾರದು, ಗೆರೆ ಹರಿಯುತ್ತಿದೆಯೇ ಎಂದು ಮಾತ್ರ ನೋಡಬೇಕು. ಹರಿಯದ ಕಡೆ ನೋಡ್ ಸೇರಿಸಬೇಡಿ, ಹಿಡಿ ಎಳೆಯಿರಿ. ಆಗಲೂ ಬಗ್ಗದಿದ್ದರೆ ಹತ್ತಿರದ ಒಂದು ನೋಡ್ ಅಳಿಸಿ ನೋಡಿ. ಒಂದು ವಾರ ದಿನಕ್ಕೊಂದು ಈರುಳ್ಳಿ. ಹೋಳು ಹೇಗೂ ಸಾರಿಗೆ ಹೋಗುತ್ತದೆ, ನಷ್ಟವೇನಿಲ್ಲ.

ಈ ಕೆಲಸವನ್ನು ಯಂತ್ರದಿಂದಲೇ ಮಾಡಿಸಿಬಿಡುವ ಬಟನ್ ಒಂದಿದೆಯಲ್ಲ ಎಂದು ತಿಳಿದವರು ಕೇಳುತ್ತಾರೆ. ಇದೆ, ಟ್ರೇಸ್ ಬಿಟ್‌ಮ್ಯಾಪ್. ಅದು ಪೆನ್ಸಿಲ್ ಗೆರೆಯನ್ನು ಗೆರೆಯೆಂದು ತಿಳಿಯುವುದಿಲ್ಲ, ಕಪ್ಪು ಮಚ್ಚೆಯೆಂದು ತಿಳಿದು ಅದರ ಎರಡೂ ಅಂಚುಗಳಲ್ಲಿ ನೂರಾರು ನೋಡ್ ಹಾಕುತ್ತದೆ. ಗಟ್ಟಿ ಕಪ್ಪಿನ ಮುದ್ರೆ, ಅಕ್ಷರಗಳಿಗೆ ಅದು ಪ್ರಯೋಜನಕ್ಕೆ ಬರುತ್ತದೆ. ಬಳ್ಳಿಗೆ ಬೇಡ. ಹಾಗೆಯೇ ಇಂಕ್‌ಸ್ಕೇಪ್‌ನ ಕ್ಯಾಲಿಗ್ರಫಿ ಟೂಲ್‌ನಲ್ಲಿ ಗೆರೆಯನ್ನು ನಡುಗಿಸುವ 'ಟ್ರೆಮರ್' ಎಂಬ ಸೌಲಭ್ಯವಿದೆ. ಗೆರೆ ಕೈಯಲ್ಲಿ ಬರೆದಂತೆ ಕಾಣಲಿ ಎಂದು ಹಲವರು ಅದನ್ನು ಏರಿಸುತ್ತಾರೆ. ಸಹಜವಾದ ಕೈ ಎಂದರೆ ನಡುಗುವ ಕೈ ಎಂದು ಇವರಿಗೆ ಹೇಳಿದವರು ಯಾರು? ನಿಮ್ಮ ಮೆಹಂದಿ ಕೋನ್ ನಡುಗಿದರೆ ಮದುಮಗಳು ಕೈ ಕೊಡುತ್ತಾಳೆಯೇ?

ಕೋನ್ ವಿಷಯ ಬಂತು. ಸಹೋದರಿ, ಇಲ್ಲಿ ನೀವೇ ಗುರು. ಎಲೆ ಬಿಡಿಸುವಾಗ ಬುಡದಲ್ಲಿ ಕೋನ್ ಒತ್ತಿ, ತುದಿಗೆ ಬರುವಾಗ ಒತ್ತು ಬಿಟ್ಟು ಎಳೆದುಬಿಡುತ್ತೀರಿ. ಗೆರೆ ದಪ್ಪದಿಂದ ಸಣ್ಣಗಾಗಿ ಕೂದಲಿನಂತೆ ಮುಗಿಯುತ್ತದೆ. ಕಂಪ್ಯೂಟರಿನ ಗೆರೆ ಹಾಗಲ್ಲ. ಹೇಳದಿದ್ದರೆ ಅದು ಮೊದಲಿನಿಂದ ಕೊನೆಯವರೆಗೆ ವೈರಿನಂತೆ ಒಂದೇ ದಪ್ಪ. ಪ್ರೆಸ್ಸಿನವರು ಪ್ಲಾಸ್ಟಿಕ್ ಎಂದದ್ದು ಹೆಚ್ಚಾಗಿ ಇದಕ್ಕೇ ಇರಬೇಕು. ಇಂಕ್‌ಸ್ಕೇಪ್‌ನಲ್ಲಿ ಪವರ್ ಸ್ಟ್ರೋಕ್, ಇಲಸ್ಟ್ರೇಟರ್‌ನಲ್ಲಿ ವಿಡ್ತ್ ಟೂಲ್, ಕೋರಲ್ ಡ್ರಾದಲ್ಲಿ ಆರ್ಟಿಸ್ಟಿಕ್ ಮೀಡಿಯಾ, ಇವು ಗೆರೆಯ ದಪ್ಪವನ್ನು ನಡುನಡುವೆ ಬದಲಿಸುತ್ತವೆ. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಅವಕ್ಕೆ ಗೊತ್ತಿಲ್ಲ. ನಿಮ್ಮ ಬೆರಳಿಗೆ ಗೊತ್ತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಳಿ ಕಾಗದದ ಮೇಲೆ ಕೋನ್‌ನಿಂದಲೇ ನಿಮ್ಮ ಬೇಲ್, ನಿಮ್ಮ ಮಾವಿನಕಾಯಿ, ನಿಮ್ಮ ಜಾಲಿ ಹಾಕಿ ತೋರಿಸಿ. ಕೈಯ ಮೇಲೆ ಹಾಕಿದ್ದು ಹದಿನೈದು ದಿನಕ್ಕೆ ಮಾಸುತ್ತದೆ. ಕಾಗದದ್ದನ್ನು ಅವಳು ವೆಕ್ಟರ್ ಮಾಡಿದರೆ ಉಳಿಯುತ್ತದೆ. ಇಪ್ಪತ್ತು ವರ್ಷದಲ್ಲಿ ನಿಮ್ಮ ಬೇಲ್‌ಗಳಲ್ಲಿ ಒಂದಾದರೂ ಕಾಗದದ ಮೇಲಿದೆಯೇ, ಸಹೋದರಿ?

ಹೀಗೆ ಕೈ ಮತ್ತು ಉಪಕರಣ ಜೊತೆಯಾಗಿ ನಡೆಯುವುದಕ್ಕೆ ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಬೀದರಿನಲ್ಲಿ, ಒಳ್ಳೆಯ ಉದಾಹರಣೆಯಿದೆ. ಬಿದ್ರಿ ಹೂಜಿಯನ್ನು ಸತು ಮತ್ತು ತಾಮ್ರ ಸೇರಿಸಿ ಎರಕ ಹೊಯ್ದು ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಕುಶಲಕರ್ಮಿ ಚೂಪಾದ ಕಡ್ಡಿಯಿಂದ ಹೂಬಳ್ಳಿಯನ್ನು ಬರಿಗೈಯಲ್ಲಿ ಗೀಚುತ್ತಾನೆ. ಆ ಗೆರೆಯ ಮೇಲೆಯೇ ಉಳಿ ಹೋಗುತ್ತದೆ, ಆ ಕಾಲುವೆಯಲ್ಲೇ ಬೆಳ್ಳಿಯ ತಂತಿ ಕೂರುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣಿನ ದ್ರಾವಣದಲ್ಲಿ ಹೂಜಿ ಶಾಶ್ವತವಾಗಿ ಕಪ್ಪಾಗುತ್ತದೆ. ಉಳಿ, ಬೆಳ್ಳಿ, ಮಣ್ಣು ಎಲ್ಲ ಇದ್ದರೂ ಮೊದಲ ಗೀಚು ಜಡವಾಗಿದ್ದರೆ ಹೂಜಿಯೂ ಜಡವೇ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ, ಇದು ಸೋಮಾರಿತನದ್ದು. ಎಲೆಯ ಅರ್ಧ ಬಿಡಿಸಿ ಕನ್ನಡಿಯಲ್ಲಿ ತಿರುಗಿಸಿದಂತೆ ಇನ್ನರ್ಧ ಮಾಡುವುದು, ಒಂದೇ ಎಲೆಯನ್ನು ಹನ್ನೆರಡು ಸಲ ಕಾಪಿ ಹೊಡೆದು ಬಳ್ಳಿಗೆ ಅಂಟಿಸುವುದು. ಹಿತ್ತಲ ಮಾವಿನ ಎಲೆಯನ್ನು ನಡುನರಕ್ಕೆ ಮಡಿಸಿ ನೋಡಿ, ಎರಡು ಪಕ್ಕ ಸರಿಯಾಗಿ ಕೂರುವುದಿಲ್ಲ. ಎರಡೂ ಪಕ್ಕಗಳನ್ನು ಬೇರೆ ಬೇರೆಯಾಗಿಯೇ ಎಳೆಯಿರಿ. ಎಲೆಗಳನ್ನು ಮೂರು ನಾಲ್ಕು ಬಗೆ ಮಾಡಿಟ್ಟುಕೊಂಡು, ಗಾತ್ರ ಬದಲಿಸಿ, ಒಂದನ್ನು ಸ್ವಲ್ಪ ತಿರುಗಿಸಿ, ಒಂದನ್ನು ಇನ್ನೊಂದರ ಹಿಂದೆ ಅರ್ಧ ಅಡಗಿಸಿ. ತೊಟ್ಟು ಬಳ್ಳಿಗೆ ಲಂಬವಾಗಿ ಚುಚ್ಚಿದಂತಿರಬಾರದು, ಬಳ್ಳಿ ಹೋಗುವ ದಿಕ್ಕಿನಲ್ಲೇ ಸ್ವಲ್ಪ ದೂರ ಜೊತೆಗೆ ಬಂದು ಆಮೇಲೆ ಬೇರೆಯಾಗಬೇಕು. ಬೀದಿಯ ಯಾವ ಗಿಡವನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತದೆ. ಜಾಮಿತಿಯ ಚೌಕ, ನಕ್ಷತ್ರಗಳ ಮಾತು ಬೇರೆ. ಅಲ್ಲಿ ಕಾಪಿಯೇ ಚೆಂದ, ಕಣ್ಣು ಅಲ್ಲಿ ಕೇಳುವುದೇ ಒಂದೇ ಸಮನಾದ ಅಳತೆಯನ್ನು.

ಪ್ರೆಸ್ಸಿನವರ ಆ ಇಂಟರ್ನೆಟ್ ಅಂಚಿನ ಬಗ್ಗೆಯೂ ಒಂದು ಮಾತು. ಅದು ಯಾರೋ ಒಬ್ಬರು ಕೂತು ಬಿಡಿಸಿದ್ದು. "ಫ್ರೀ ವೆಕ್ಟರ್" ಎಂದು ಬರೆದಿದ್ದರೂ ಹಲವಕ್ಕೆ ವ್ಯಾಪಾರಕ್ಕೆ ಬಳಸಬಾರದು, ಬಳಸಿದರೆ ಹೆಸರು ಹಾಕಬೇಕು ಎಂಬ ಷರತ್ತು ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಚಿತ್ರಗಳಿಗೂ ಅನ್ವಯಿಸುತ್ತದೆ. ಅದೇ ಕಾಯ್ದೆ ನಿಮ್ಮ ಮಗಳು ಸ್ವಂತವಾಗಿ ಬಿಡಿಸಿದ್ದನ್ನೂ ಕಾಯುತ್ತದೆ. ಆದ್ದರಿಂದ ಕಲಿಯುವಾಗ ಬೇರೆಯವರ ಡಿಸೈನ್ ಮೇಲೆ ಬೆರಳಾಡಿಸಿ ಕಲಿಯಲಿ, ಅದರಲ್ಲಿ ನೋಡ್‌ಗಳು ಎಲ್ಲೆಲ್ಲಿವೆ ಎಂದು ಎಣಿಸಲಿ. ದುಡ್ಡಿಗೆ ಕೊಡುವುದು ಮಾತ್ರ ತನ್ನದೇ ಇರಲಿ.

ಮತ್ತೆ ಪ್ರೆಸ್ಸಿಗೆ ಕೊಡುವ ದಿನ ಬಂದಾಗ ಎರಡು ಫೈಲು ಮಾಡಿಸಿ. ಒಂದರಲ್ಲಿ ಗೆರೆಗಳು ತಿದ್ದುವ ಹಾಗೆಯೇ ಇರಲಿ, ಅದು ಮನೆಯಲ್ಲಿರಬೇಕು. ಇನ್ನೊಂದರಲ್ಲಿ ಎಲ್ಲ ಗೆರೆಗಳನ್ನೂ 'ಸ್ಟ್ರೋಕ್ ಟು ಪಾಥ್' ಎಂಬ ಆಜ್ಞೆಯಿಂದ ಆಕಾರಗಳಾಗಿ ಬದಲಿಸಿ ಪಿ.ಡಿ.ಎಫ್. ಮಾಡಿ ಕೊಡಬೇಕು. ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಬಳ್ಳಿಯನ್ನು ಚಿಕ್ಕದು ದೊಡ್ಡದು ಮಾಡಿದಾಗ ಗೆರೆಯ ದಪ್ಪ ಹಾಗೇ ನಿಂತು, ಕಷ್ಟಪಟ್ಟು ಸಣ್ಣಗೆ ಮಾಡಿದ ತುದಿಗಳೆಲ್ಲ ಮೊಂಡಾಗಿಬಿಡಬಹುದು. ಕೊಡುವ ಮೊದಲು ಕಾರ್ಡಿನ ಅಳತೆಯಲ್ಲೇ ಒಂದು ಪ್ರತಿ ಮುದ್ರಿಸಿ, ಕೈ ನೀಡಿದಷ್ಟು ದೂರದಲ್ಲಿ ಹಿಡಿದು ನೀವೇ ನೋಡಿ. ಪರದೆಯ ಮೇಲೆ ಎಂಟು ಪಟ್ಟು ಹಿಗ್ಗಿಸಿ ನೋಡುತ್ತಾ ಕೂತ ಮಗಳಿಗಿಂತ, ರಾತ್ರಿ ಒಂದು ಗಂಟೆಗೆ ಬಲ್ಬಿನ ಬೆಳಕಿನಲ್ಲಿ ಮದುಮಗಳ ಅಂಗೈ ನೋಡಿ ಅಭ್ಯಾಸವಾದ ನಿಮ್ಮ ಕಣ್ಣಿಗೆ ಎಲ್ಲಿ ಎಡವಟ್ಟಾಗಿದೆ ಎಂಬುದು ಬೇಗ ಕಾಣುತ್ತದೆ.